ಇದು ಮೊದಲ ಆವೃತ್ತಿಯೇ? ಶೋಪ್ಯಾನ್ ಸ್ಕೋರ್ ಒಂದರ ಬಗ್ಗೆ ಸಹಾಯ ಬೇಕು

ಕಂಟೋನ್ಮೆಂಟ್ ಪಿಯಾನೊ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನವಳು. ಚಿಕ್ಕವಳಿದ್ದಾಗ ಕುಕ್ ಟೌನಿನಲ್ಲಿ ಒಬ್ಬ ಟೀಚರ್ ಹತ್ತಿರ ಹನ್ನೊಂದು ವರ್ಷ ಪಿಯಾನೊ ಕಲಿತೆ. ಅವರು ಹೋದ ತಿಂಗಳು ತೀರಿಕೊಂಡರು. ಮನೆ ಖಾಲಿ ಮಾಡುವಾಗ ಅವರ ಮಗಳು ನನ್ನನ್ನು ಕರೆದು, "ಅಮ್ಮನ ಪುಸ್ತಕಗಳಲ್ಲಿ ನಿನಗೇನು ಬೇಕೋ ತಗೋ, ಉಳಿದದ್ದು ರದ್ದಿಗೆ ಹೋಗುತ್ತೆ" ಅಂದರು. ನಾನು ತಂದ ಕಟ್ಟಿನಲ್ಲಿ ಒಂದು ದಪ್ಪ ಪುಸ್ತಕವಿದೆ. ಬೆನ್ನಿಗೆ ಚರ್ಮ, ರಟ್ಟಿನ ಮೇಲೆ ಚಿನ್ನದ ಅಕ್ಷರದಲ್ಲಿ ಯಾವುದೋ ಹೆಂಗಸಿನ ಹೆಸರು. ಒಳಗೆ ಬೇರೆ ಬೇರೆ ಸ್ಕೋರ್‌ಗಳನ್ನು, ಅಂದರೆ ಅಚ್ಚಾದ ಸ್ವರಲಿಪಿಗಳನ್ನು, ಒಟ್ಟಿಗೆ ಸೇರಿಸಿ ಹೊಲಿದಿದ್ದಾರೆ. ಅದರಲ್ಲಿ ಒಂದರ ಮೇಲೆ ಫ್ರೆಂಚಿನಲ್ಲಿ "ಮ್ಯುರ್‌ಮ್ಯುರ್ ದ ಲಾ ಸೆನ್" ಅಂತ ಇದೆ. ಒಳಗೆ ತೆಗೆದು ನೋಡಿದರೆ ಪಿಯಾನೊ ಸಂಗೀತ ರಚಿಸಿದ ಶೋಪ್ಯಾನ್‌ನ ಆಪಸ್ 9 (ಆಪಸ್ ಅಂದರೆ ಕೃತಿಯ ಕ್ರಮಸಂಖ್ಯೆ), ನಾಕ್ಟರ್ನ್‌ಗಳು, ಅಂದರೆ ರಾತ್ರಿಯ ಭಾವದ ಕೃತಿಗಳು! ಟೀಚರ್ ನನಗೆ ಕಲಿಸಿದ ಇ ಫ್ಲ್ಯಾಟ್ ನಾಕ್ಟರ್ನ್ ಕೂಡ ಇದರಲ್ಲೇ ಇದೆ. ಪ್ರಕಾಶಕರು ಲಂಡನ್ನಿನ ವೆಸೆಲ್.

ಎಲ್ಲೂ ಇಸವಿ ಇಲ್ಲ. ಆನ್‌ಲೈನ್‌ನಲ್ಲಿ ಹಳೇ ಪುಸ್ತಕ ಮಾರುವ ಒಬ್ಬರಿಗೆ ಫೋಟೋ ಕಳಿಸಿದೆ. ಎರಡೇ ನಿಮಿಷದಲ್ಲಿ, ಇದು ಮೊದಲ ಆವೃತ್ತಿ, ನಾಳೆಯೇ ಕೊಂಡುಕೊಳ್ಳುತ್ತೇನೆ ಅಂದರು. ಅಷ್ಟು ಆತುರ ನೋಡಿ ನನಗೆ ಭಯವಾಯಿತು. ಇದು ನಿಜವಾಗಿ ಮೊದಲ ಆವೃತ್ತಿಯೇ? ತಿಳಿದವರು ದಯವಿಟ್ಟು ಹೇಳಿ.

ಹಳೇ ಕಾಗದ:
ಮೇಡಂ, ಮೊದಲು ಟೀಚರ್ ತೀರಿಕೊಂಡದ್ದಕ್ಕೆ ಸಂತಾಪ. ಪುಸ್ತಕವನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. ಮುಖ್ಯವಾಗಿ, ಹೊಲಿಗೆ ಬಿಚ್ಚಿಸಿ ಆ ಒಂದು ಸ್ಕೋರನ್ನು ಬೇರೆ ಮಾಡಬೇಡಿ. ಆ ಕಾಲದಲ್ಲಿ ಮನೆಯಲ್ಲಿ ಪಿಯಾನೊ ನುಡಿಸುವ ಹೆಣ್ಣುಮಕ್ಕಳು ಬಿಡಿಬಿಡಿಯಾಗಿ ಕೊಂಡ ಸ್ಕೋರ್‌ಗಳನ್ನು ಹೀಗೆ ಕಟ್ಟಿಸಿ, ಮೇಲೆ ಹೆಸರು ಹಾಕಿಸಿಕೊಳ್ಳುತ್ತಿದ್ದರು. ಇಡೀ ಕಟ್ಟೇ ಒಬ್ಬರ ಸಂಗೀತದ ಬದುಕು. ಬಿಡಿಸಿದರೆ ಅದು ಹೋಯಿತು.

ಮೂರು ವಿಷಯ ನೋಡಿ ಹೇಳಿ. ಶೀರ್ಷಿಕೆ ಪುಟದಲ್ಲಿ ವೆಸೆಲ್ ಅಂಗಡಿಯ ವಿಳಾಸ ಏನಿದೆ? ಅದೇ ಪುಟದಲ್ಲಿ ಶೋಪ್ಯಾನ್‌ನ ಬೇರೆ ಕೃತಿಗಳ ಪಟ್ಟಿ ಇದ್ದರೆ, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಆಪಸ್ ಸಂಖ್ಯೆ ಯಾವುದು? ಸಂಗೀತವಿರುವ ಪುಟಗಳ ಕೆಳಗೆ, ನಡುವೆ, ಚಿಕ್ಕ ಅಕ್ಷರದಲ್ಲಿ ಏನಾದರೂ ಸಂಖ್ಯೆ ಇದೆಯಾ?

ಸಾಧನಕೇರಿ:
ನಾನು ಕನ್ನಡ ಪುಸ್ತಕಗಳ ಮೊದಲ ಮುದ್ರಣ ಸಂಗ್ರಹಿಸುವವನು. ಒಂದು ಪ್ರಶ್ನೆ. ನಮ್ಮಲ್ಲಿ ಶೀರ್ಷಿಕೆ ಪುಟದ ಹಿಂದೆ ನೋಡಿದರೆ ಸಾಕು, ಪ್ರಥಮ ಮುದ್ರಣ, ಇಸವಿ, ಪ್ರತಿಗಳು 1000, ಬೆಲೆ ಇಷ್ಟು, ಮುದ್ರಿಸಿದ ಪ್ರೆಸ್ ಯಾವುದು ಎಲ್ಲ ಇರುತ್ತೆ. ಈ ಸ್ಕೋರ್‌ಗಳಲ್ಲಿ ಇಸವಿಯನ್ನೇ ಯಾಕೆ ಹಾಕುತ್ತಿರಲಿಲ್ಲ?

ಹಳೇ ಕಾಗದ:
ಒಳ್ಳೆ ಪ್ರಶ್ನೆ ಸರ್. ಇದು ಗೊತ್ತಾದರೆ ಅರ್ಧ ವಿದ್ಯೆ ಬಂದ ಹಾಗೆ. ಅಂಗಡಿಗೆ ಬಂದವರು ಹೊಸ ಸಂಗೀತ ಕೇಳುತ್ತಿದ್ದರು. ಹತ್ತು ವರ್ಷ ಹಿಂದಿನ ಇಸವಿ ಕಂಡರೆ ಹಳೇ ಸರಕು ಅಂತ ಬದಿಗಿಡುತ್ತಿದ್ದರು. ಅದಕ್ಕೇ ಹಾಕುತ್ತಿರಲಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಪುಸ್ತಕಕ್ಕೆ ಅಚ್ಚಿನ ಮೊಳೆ ಜೋಡಿಸಿ, ಸಾವಿರ ಪ್ರತಿ ತೆಗೆದು, ಮೊಳೆ ಬಿಚ್ಚಿಬಿಡುತ್ತಿದ್ದರು. ಇನ್ನೊಂದು ಸಲ ಬೇಕಾದರೆ ಹೊಸದಾಗಿ ಜೋಡಿಸಬೇಕು. ಸಂಗೀತ ಹಾಗಲ್ಲ. ಅದನ್ನು ಲೋಹದ ತಗಡಿನ ಮೇಲೆ ಕೊರೆಯುತ್ತಿದ್ದರು. ತಗಡು ಕಪಾಟಿನಲ್ಲಿ ಇರುತ್ತಿತ್ತು. ಐವತ್ತು ಪ್ರತಿ ಮಾರಿದರೆ ಇನ್ನೈವತ್ತು ತೆಗೆಯುವುದು. ಮೂವತ್ತು ವರ್ಷ ಆದ ಮೇಲೂ ಅದೇ ತಗಡು, ಅದೇ ಪುಟ. ಹಾಗಾಗಿ ಆವೃತ್ತಿ ಬೇರೆ, ಮುದ್ರಣ ಬೇರೆ. ಕನ್ನಡದಲ್ಲಿ ನಾವು ಎರಡನ್ನೂ ಒಂದೇ ಅನ್ನುವ ಹಾಗೆ ಬಳಸುತ್ತೇವೆ, ಇಲ್ಲಿ ಹಾಗೆ ಮಾಡಿದರೆ ಮೋಸ ಹೋಗುತ್ತೇವೆ. ಮೊದಲ ಆವೃತ್ತಿಯ ತಗಡಿನಿಂದ ಬಂದ ಇಪ್ಪತ್ತನೇ ಮುದ್ರಣವೂ ಇರಬಹುದು.

ಲೈಪ್ಜಿಗ್ ಕನ್ನಡಿಗ:
ತಗಡಿನ ವಿಷಯ ಬಂದಿದ್ದರಿಂದ ನಾನೂ ಎರಡು ಮಾತು ಸೇರಿಸುತ್ತೇನೆ. ನಾನಿರುವ ಊರು, ಜರ್ಮನಿಯ ಲೈಪ್ಜಿಗ್, ಇದೇ ಕೆಲಸಕ್ಕೆ ಹೆಸರಾಗಿತ್ತು. ಬ್ರೈಟ್‌ಕಾಪ್ಫ್, ಪೀಟರ್ಸ್, ಹಾಫ್‌ಮೈಸ್ಟರ್, ಕಿಸ್ಟ್ನರ್, ಈ ಸಂಗೀತ ಪ್ರಕಾಶಕರೆಲ್ಲ ಇದ್ದದ್ದು ಇಲ್ಲೇ. ಬ್ರೈಟ್‌ಕಾಪ್ಫ್ ಶುರುವಾಗಿದ್ದು 1719ರಲ್ಲಿ.

ತವರ ಮತ್ತು ಸೀಸ ಬೆರೆಸಿದ ಮೆತ್ತನೆಯ ತಗಡು. ಅದರ ಮೇಲೆ ಮೊದಲು ಐದು ಗೆರೆ ಎಳೆಯುತ್ತಾರೆ. ಆಮೇಲೆ ಒಂದೊಂದು ಸ್ವರದ ತಲೆಗೂ ಒಂದು ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ಸ್ವರದ ಕಾಲು, ಬಿಲ್ಲಿನ ಹಾಗೆ ಬಾಗಿದ ಗೆರೆಗಳನ್ನು ಉಳಿಯಿಂದ ಕೊರೆಯುತ್ತಾರೆ. ಇದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಬಲದಿಂದ ಎಡಕ್ಕೆ! ತಪ್ಪಾದರೆ ತಗಡನ್ನು ತಿರುಗಿಸಿ ಹಿಂದಿನಿಂದ ಬಡಿದು ಸಮ ಮಾಡಿ ಮತ್ತೆ ಸರಿಯಾದ ಸ್ವರ ಹೊಡೆಯುವುದು. ಈ ಕೆಲಸ ಮಾಡಿದವರ ಹೆಸರು ಯಾವ ಪುಟದಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ. ನನಗೆ ಅದೊಂದು ನೋವು.

ಮೇಡಂ, ನಿಮ್ಮ ಪ್ರತಿಯ ಪುಟದ ಅಂಚಿನ ಒಳಗೆ ಬೆರಳಾಡಿಸಿ ನೋಡಿ. ತಗಡಿನ ಅಂಚು ಒತ್ತಿದ ಗುರುತು, ಸಣ್ಣ ತಗ್ಗು, ಕೈಗೆ ಸಿಕ್ಕರೆ ನೇರವಾಗಿ ತಗಡಿನಿಂದಲೇ ತೆಗೆದದ್ದು. ಕಲ್ಲಚ್ಚಿಗೆ ವರ್ಗಾಯಿಸಿ ತೆಗೆದಿದ್ದರೆ ಕಾಗದ ನುಣ್ಣಗೆ ಇರುತ್ತೆ.

ಜರ್ಮನ್ ಸ್ಕೋರ್ ಕೊಳ್ಳುವವರಿಗೆ ಒಂದು ಸುಲಭದ ಗುರುತು: ಬೆಲೆ ನೋಡಿ. ಟಾಲರ್ ಅಂತ ಇದ್ದರೆ ಹಳೆಯದು. ಮಾರ್ಕ್ ಅಂತ ಇದ್ದರೆ ಅದು 1870ರ ದಶಕ ಅಥವಾ ಆಮೇಲಿನದು, ಯಾಕೆಂದರೆ ಜರ್ಮನಿ ಒಂದಾದ ಮೇಲೆಯೇ ಇಡೀ ದೇಶಕ್ಕೆ ಮಾರ್ಕ್ ಬಂದದ್ದು.

ಕಂಟೋನ್ಮೆಂಟ್ ಪಿಯಾನೊ:
ಬೆರಳಾಡಿಸಿದೆ. ತಗ್ಗು ಸಿಕ್ಕಿತು! ನಾಲ್ಕೂ ಕಡೆ. ಇಷ್ಟು ದಿನ ಇದು ಕಣ್ಣಿಗೇ ಬಿದ್ದಿರಲಿಲ್ಲ.

ಹಳೇ ಕಾಗದ ಅವರು ಕೇಳಿದ್ದಕ್ಕೆ ಉತ್ತರ. ವಿಳಾಸ ರೀಜೆಂಟ್ ಸ್ಟ್ರೀಟ್. ಶೀರ್ಷಿಕೆ ಪುಟದಲ್ಲಿ ಉದ್ದನೆಯ ಪಟ್ಟಿ ಇದೆ, ಅದರಲ್ಲಿ ಕೊನೆಯ ಸಾಲುಗಳಲ್ಲಿ ಬಾರ್ಕರೋಲ್, ಆಪಸ್ 60 ಅಂತ ಇದೆ. ಪುಟದ ಕೆಳಗೆ ಡಬ್ಲ್ಯು, ಕೋ ಅಂತ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಎಲ್ಲ ಪುಟದಲ್ಲೂ ಅದೇ ಸಂಖ್ಯೆ.

ಹಳೇ ಕಾಗದ:
ಈಗ ಸ್ಪಷ್ಟವಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಆಗ ಒಂದು ದೇಶದ ಪ್ರಕಟಣೆಯ ಹಕ್ಕು ಇನ್ನೊಂದು ದೇಶದಲ್ಲಿ ನಡೆಯುತ್ತಿರಲಿಲ್ಲ. ಪ್ಯಾರಿಸ್‌ನಲ್ಲಿ ಬಂದದ್ದನ್ನು ಲೈಪ್ಜಿಗ್‌ನಲ್ಲಿ ಯಾರು ಬೇಕಾದರೂ ನಕಲು ಮಾಡಿ ಮಾರಬಹುದಿತ್ತು. ಅದಕ್ಕೆ ಶೋಪ್ಯಾನ್ ತನ್ನ ಕೃತಿಗಳನ್ನು ಮೂರು ದೇಶದ ಮೂವರು ಪ್ರಕಾಶಕರಿಗೆ ಒಟ್ಟಿಗೇ ಕೊಡುತ್ತಿದ್ದ. ಫ್ರಾನ್ಸಿನಲ್ಲಿ ಹೆಚ್ಚಾಗಿ ಶ್ಲೆಸಿಂಗರ್, ಜರ್ಮನಿಯಲ್ಲಿ ಮೊದಮೊದಲು ಕಿಸ್ಟ್ನರ್, ಆಮೇಲೆ ಬ್ರೈಟ್‌ಕಾಪ್ಫ್, ಇಂಗ್ಲೆಂಡಿನಲ್ಲಿ ವೆಸೆಲ್. ನಿಮ್ಮ ಆಪಸ್ 9 ಲೈಪ್ಜಿಗ್‌ನಲ್ಲಿ 1832ರ ಕೊನೆಗೆ ಬಂತು, ಪ್ಯಾರಿಸ್ ಮತ್ತು ಲಂಡನ್‌ನಲ್ಲಿ 1833ರಲ್ಲಿ. ಹಾಗಾಗಿ ಒಂದೇ ಕೃತಿಗೆ ಮೂರು ಮೊದಲ ಆವೃತ್ತಿ. ಮೂರರಲ್ಲೂ ಸ್ವರಗಳು, ಬಿಲ್ಲುಗೆರೆಗಳು, ಪೆಡಲ್ ಗುರುತುಗಳು ಅಲ್ಲಲ್ಲಿ ಬೇರೆ ಬೇರೆ. ಇವತ್ತಿಗೂ ಪಂಡಿತರು ಇದನ್ನೇ ಹಿಡಿದು ಚರ್ಚೆ ಮಾಡುತ್ತಾರೆ.

ಆ ಚೆಂದದ ಹೆಸರು, ಸೆನ್ ನದಿಯ ಪಿಸುಮಾತು, ಶೋಪ್ಯಾನ್ ಇಟ್ಟದ್ದಲ್ಲ. ವೆಸೆಲ್ ಮಾರಾಟಕ್ಕೆ ಅಂತ ಸೇರಿಸಿದ್ದು. ಬೇರೆ ಕೃತಿಗಳಿಗೂ ಹೀಗೇ ಹೆಸರಿಟ್ಟ. ಆಪಸ್ 20ರ ಸ್ಕೆರ್ಟ್ಸೋಗೆ ನರಕದ ಔತಣ ಅಂತ! ಶೋಪ್ಯಾನ್‌ಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. 1841ರಲ್ಲಿ ಗೆಳೆಯ ಫಾಂಟಾನಾಗೆ ಬರೆದ ಕಾಗದದಲ್ಲಿ ಈ ಹೆಸರುಗಳಿಗಾಗಿ ವೆಸೆಲ್‌ನನ್ನು ಚೆನ್ನಾಗಿ ಬೈದಿದ್ದಾನೆ. ಹಾಗಾಗಿ ಆ ಹೆಸರಿರುವ ಪುಟ ಒಂದು ಜಗಳದ ಸಾಕ್ಷಿ ಕೂಡ.

ಈಗ ನಿಮ್ಮ ಪ್ರತಿ. 1833ರಲ್ಲಿ ವೆಸೆಲ್ ಅಂಗಡಿ ಇದ್ದದ್ದು ಸೋಹೋದ ಫ್ರಿತ್ ಸ್ಟ್ರೀಟಿನಲ್ಲಿ. ರೀಜೆಂಟ್ ಸ್ಟ್ರೀಟ್ ಆಮೇಲೆ. ಅದಕ್ಕೂ ಗಟ್ಟಿ ಸಾಕ್ಷಿ ನಿಮ್ಮ ಪಟ್ಟಿ. ಬಾರ್ಕರೋಲ್ ಪ್ರಕಟವಾದದ್ದೇ 1846ರಲ್ಲಿ. ಅದರ ಹೆಸರು ಹೊತ್ತ ಪುಟ 1833ರದ್ದು ಆಗಲು ಸಾಧ್ಯವೇ ಇಲ್ಲ. ಅಲ್ವಾ? ಹಾಗಾಗಿ ನಿಮ್ಮದು 1846 ಅಥವಾ ಆಮೇಲೆ ತೆಗೆದ ಪ್ರತಿ. ಕೆಳಗಿನ ಸಂಖ್ಯೆ ತಗಡಿನ ಸಂಖ್ಯೆ. ಅದು 1833ರ ಪ್ರತಿಯ ಸಂಖ್ಯೆಯೇ ಆಗಿದ್ದರೆ, ಪುಟದ ಜೋಡಣೆಯೂ ಹೊಂದಿದರೆ, ತಗಡು ಅದೇ. ಶೋಪ್ಯಾನ್‌ನ ಮೊದಲ ಆವೃತ್ತಿಗಳ ಪುಟಗಳನ್ನು ಬ್ರಿಟನ್ನಿನ ವಿದ್ವಾಂಸರು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಯಾವ ಬಾರ್ (ಎರಡು ನಿಂತ ಗೆರೆಗಳ ನಡುವಿನ ಭಾಗ) ಯಾವ ಸಾಲಿನಲ್ಲಿ ಮುಗಿಯುತ್ತೆ ನೋಡಿ. ತಗಡು ಹಳೆಯದಾದ ಹಾಗೆ ಬಿರುಕು ಬಿಡುತ್ತೆ, ಆ ಬಿರುಕು ಕಾಗದದ ಮೇಲೆ ಕೂದಲಿನ ಹಾಗೆ ಬೀಳುತ್ತೆ. ಅದೂ ಒಂದು ಗುರುತು.

ಕಂಟೋನ್ಮೆಂಟ್ ಪಿಯಾನೊ:
ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ 1846 ಅಂದರೂ ಶೋಪ್ಯಾನ್ ಇನ್ನೂ ಬದುಕಿದ್ದ ಕಾಲ, ಅಲ್ವಾ?

ಹಳೇ ಕಾಗದ:
ಮುದ್ರಣ 1849ಕ್ಕೆ ಮುಂಚಿನದಾದರೆ, ಹೌದು.

ಬೇಜಾರು ಮಾಡಿಕೊಳ್ಳಬೇಡಿ. ನಾನು ಮಾಡಿದ ತಪ್ಪು ಹೇಳುತ್ತೇನೆ ಕೇಳಿ. ಸುಮಾರು ಹದಿನೈದು ವರ್ಷದ ಹಿಂದೆ ಬೀಥೋವನ್‌ನ ಪಥೆಟಿಕ್ ಸೊನಾಟಾ, ಮೊದಲ ಆವೃತ್ತಿ ಅಂತ ವಿದೇಶದ ಒಬ್ಬ ವ್ಯಾಪಾರಿಯಿಂದ ತರಿಸಿದೆ. ಎರಡು ತಿಂಗಳ ಸಂಬಳ ಹೋಯಿತು. ಅದು ಮೊದಲು ಬಂದದ್ದು 1799ರಲ್ಲಿ, ವಿಯೆನ್ನಾದಲ್ಲಿ. ನನ್ನ ಪ್ರತಿಯಲ್ಲಿ ಪ್ರಕಾಶಕರು ಬ್ರೈಟ್‌ಕಾಪ್ಫ್, ಲೈಪ್ಜಿಗ್. ಅಷ್ಟರಲ್ಲೇ ಗೊತ್ತಾಗಬೇಕಿತ್ತು. ಪುಟದ ಕೆಳಗೆ ಬಿ ಅಕ್ಷರ, ಒಂದು ಚುಕ್ಕಿ, ಒಂದು ಸಂಖ್ಯೆ. ಅದು 1862ರಿಂದ 1865ರವರೆಗೆ ಬಂದ ಬೀಥೋವನ್ ಸಮಗ್ರ ಕೃತಿಗಳ ತಗಡಿನ ಗುರುತು. ವ್ಯಾಪಾರಿ ಹಣ ವಾಪಸ್ ಕೊಡಲಿಲ್ಲ. ಆವತ್ತಿನಿಂದ ನಾನು ಬರೀ ಮಾತು ನಂಬುವುದಿಲ್ಲ. ಪ್ರಕಾಶಕ, ಊರು, ವಿಳಾಸ, ಬೆಲೆ, ತಗಡಿನ ಸಂಖ್ಯೆ ಐದೂ ಹೊಂದಬೇಕು. ಒಂದು ಹೊಂದದಿದ್ದರೂ ಕೈ ಹಿಂದೆ.

ಮಂಗಳೂರು ಮಳೆ:
ನಾನು ಗ್ರಂಥಾಲಯದಲ್ಲಿ ಹಳೇ ಪುಸ್ತಕ ಕಾಪಾಡುವ ಕೆಲಸ ಮಾಡುವವಳು. ನಮ್ಮ ಊರಿನ ಮಳೆಗಾಲ ಕಂಡವರಿಗೆ ಕಾಗದದ ಕಷ್ಟ ಗೊತ್ತು.

ಮೇಡಂ, ಸೆಲ್ಲೋಟೇಪ್ ಬೇಡವೇ ಬೇಡ. ಲ್ಯಾಮಿನೇಶನ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ತಾಳೆಗರಿಗೆ ಹಚ್ಚುವ ಹಾಗೆ ಎಣ್ಣೆ ಹಚ್ಚಬೇಡಿ, ಗರಿಗೆ ಒಳ್ಳೆಯದು, ಕಾಗದಕ್ಕೆ ಕಲೆ. ಪಾಲಿಥಿನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಒಳಗೇ ಬೂಷ್ಟು ಬರುತ್ತೆ. ಆಮ್ಲವಿಲ್ಲದ ಕಾಗದದ ಪೆಟ್ಟಿಗೆಯಲ್ಲಿ ಮಲಗಿಸಿಡಿ. ದೊಡ್ಡ ಪುಸ್ತಕವನ್ನು ನಿಲ್ಲಿಸಿದರೆ ಹೊಲಿಗೆ ಜಗ್ಗುತ್ತೆ. ಹೊರಗಿನ ಗೋಡೆಗೆ ತಾಗಿದ ಕಪಾಟು ಬೇಡ. ತಿಂಗಳಿಗೊಮ್ಮೆ ತೆಗೆದು ಪುಟ ಮಗುಚಿ. ಹುಳ ಕತ್ತಲನ್ನೂ, ಯಾರೂ ಮುಟ್ಟದ ಜಾಗವನ್ನೂ ಹುಡುಕುತ್ತೆ.

ಒಳಗೆ ಪೆನ್ಸಿಲ್ ಗುರುತು ಇದೆಯಾ?

ಕಂಟೋನ್ಮೆಂಟ್ ಪಿಯಾನೊ:
ತುಂಬಾ ಇದೆ. ಕೆಲವು ಹಳೆಯ ಕೈ. ಕೆಲವು ನಮ್ಮ ಟೀಚರ್ ಕೈ. ಇ ಫ್ಲ್ಯಾಟ್ ನಾಕ್ಟರ್ನ್‌ನಲ್ಲಿ ಬೆರಳಿನ ಸಂಖ್ಯೆಗಳು, ಒಂದು ಕಡೆ "ಹಾಡು" ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ರಬ್ಬರಿನಿಂದ ಮೆಲ್ಲಗೆ ಅಳಿಸಿದರೆ ಚೊಕ್ಕಟವಾಗಿ ಕಾಣುತ್ತೆ ಅಂತ ಆ ಆನ್‌ಲೈನ್ ವ್ಯಾಪಾರಿ ಹೇಳಿದ್ದರು.

ಮಂಗಳೂರು ಮಳೆ:
ಅಯ್ಯೋ, ಒಂದು ಗೆರೆಯನ್ನೂ ಅಳಿಸಬೇಡಿ! ಶೋಪ್ಯಾನ್‌ನ ಶಿಷ್ಯೆ ಜೇನ್ ಸ್ಟರ್ಲಿಂಗ್ ಬಳಸುತ್ತಿದ್ದ ಮುದ್ರಿತ ಪ್ರತಿಗಳು ಈಗ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಪಾಠದ ಹೊತ್ತಿನಲ್ಲಿ ಅವುಗಳ ಮೇಲೆ ಬಿದ್ದ ಪೆನ್ಸಿಲ್ ಗುರುತುಗಳಿಂದಲೇ ಅವನು ಹೇಗೆ ನುಡಿಸಲು ಹೇಳುತ್ತಿದ್ದ ಅಂತ ತಿಳಿಯುತ್ತೆ. ಬಾಖ್‌ನ ವಿಷಯ ಇನ್ನೂ ದೊಡ್ಡದು. ಗೋಲ್ಡ್‌ಬರ್ಗ್ ವೇರಿಯೇಶನ್ಸ್ 1741ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಬಾಖ್ ತನಗಾಗಿ ಇಟ್ಟುಕೊಂಡಿದ್ದ ಪ್ರತಿ 1970ರ ದಶಕದಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸಿಕ್ಕಿತು. ಅದರ ಕೊನೆಯ ಖಾಲಿ ಪುಟದಲ್ಲಿ ಬಾಖ್ ಕೈಯಾರೆ ಹದಿನಾಲ್ಕು ಕ್ಯಾನನ್ (ಒಂದೇ ರಾಗದ ಎಳೆಯನ್ನು ಒಂದು ದನಿಯ ಹಿಂದೆ ಇನ್ನೊಂದು ದನಿ ಹಿಂಬಾಲಿಸುವ ರಚನೆ) ಬರೆದಿದ್ದ. ಯಾರಾದರೂ ಚೊಕ್ಕಟ ಮಾಡಲು ಹೋಗಿ ಆ ಹಾಳೆ ಕಿತ್ತಿದ್ದರೆ?

ಸಾಧನಕೇರಿ:
ನಮ್ಮ ಸಂಗೀತದಲ್ಲಿ ಹೀಗೆ ಹುಡುಕಿ ಇಟ್ಟುಕೊಳ್ಳುವ ಪುಸ್ತಕ ಇಲ್ಲವಾ? ಬಾಯಿಂದ ಬಾಯಿಗೆ ಬಂದ ವಿದ್ಯೆ, ಅಚ್ಚು ಕಡಿಮೆ ಅಂತ ಗೊತ್ತು.

ಹಳೇ ಕಾಗದ:
ಇವೆ ಸರ್. ಎರಡು ಹೇಳುತ್ತೇನೆ. ಚಿನ್ನಸ್ವಾಮಿ ಮುದಲಿಯಾರ್ ಮದ್ರಾಸಿನಲ್ಲಿ 1893ರಲ್ಲಿ ನಮ್ಮ ಕೃತಿಗಳನ್ನು ಪಾಶ್ಚಾತ್ಯರ ಐದು ಗೆರೆಯ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ 1904ರಲ್ಲಿ ಎಟ್ಟಯಪುರದಲ್ಲಿ, ತೆಲುಗು ಲಿಪಿಯಲ್ಲಿ, ಎರಡು ದೊಡ್ಡ ಸಂಪುಟದಲ್ಲಿ ಬಂತು. ಅದರಲ್ಲಿ ಗಮಕಕ್ಕೂ ಒಂದೊಂದು ಚಿಹ್ನೆ ಇದೆ. ದೀಕ್ಷಿತರನ್ನು ಈ ಕೆಲಸಕ್ಕೆ ಒತ್ತಾಯ ಮಾಡಿದವರಲ್ಲಿ ಮುದಲಿಯಾರರೂ ಒಬ್ಬರು. ಆ 1904ರ ಪ್ರತಿ ಯಾರ ಮನೆಯ ಅಟ್ಟದಲ್ಲಾದರೂ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಲೈಪ್ಜಿಗ್ ಕನ್ನಡಿಗ:
ಕಳೆದುಹೋಗುವುದು ಎಷ್ಟು ಸುಲಭ ಅನ್ನುವುದಕ್ಕೆ ನಮ್ಮ ಊರೇ ಉದಾಹರಣೆ. 1943ರ ಡಿಸೆಂಬರ್ 4ರ ಬೆಳಗಿನ ಜಾವ ಬಾಂಬ್ ಬಿದ್ದು ಮುದ್ರಕರ, ಪ್ರಕಾಶಕರ ಬೀದಿಗಳು ಸುಟ್ಟುಹೋದವು. ಬ್ರೈಟ್‌ಕಾಪ್ಫ್ ಕಟ್ಟಡವೂ ಹೋಯಿತು. ಬಾಖ್‌ನ ಆರ್ಟ್ ಆಫ್ ಫ್ಯೂಗ್ ತಗಡುಗಳ ಕಥೆ ಇನ್ನೂ ಬೇಜಾರಿನದು. ಅವನು ತೀರಿಕೊಂಡ ಮೇಲೆ 1751ರಲ್ಲಿ ಪುಸ್ತಕ ಬಂತು. ಐದು ವರ್ಷದಲ್ಲಿ ಮಾರಾಟವಾದದ್ದು ಸುಮಾರು ಮೂವತ್ತು ಪ್ರತಿ. 1756ರಲ್ಲಿ ಮಗ ಆ ತಗಡುಗಳನ್ನೇ ಮಾರಾಟಕ್ಕೆ ಇಟ್ಟ.

ಕಂಟೋನ್ಮೆಂಟ್ ಪಿಯಾನೊ:
ಇಷ್ಟೆಲ್ಲ ಓದಿದ ಮೇಲೆ ನನಗೂ ಸಂಗ್ರಹಿಸಬೇಕು ಅನ್ನಿಸುತ್ತಿದೆ. ಆದರೆ ಬೀಥೋವನ್, ಬಾಖ್ ನಮ್ಮಂಥವರ ಕೈಗೆ ಎಟುಕುತ್ತಾ?

ಹಳೇ ಕಾಗದ:
ಎಟುಕುವುದಿಲ್ಲ. ಎಟುಕಬೇಕಾಗಿಯೂ ಇಲ್ಲ. ಹೋಬೋಕೆನ್ ಅಂತ ಒಬ್ಬ ಡಚ್ ಸಂಗ್ರಾಹಕ ಇದ್ದ. ಮೊದಲ ಆವೃತ್ತಿಗಳನ್ನು ಕೊಂಡು, ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತಾ ಹೋದ. ಹಾಗೇ ಹೈಡನ್‌ನ ಎಲ್ಲ ಕೃತಿಗಳ ಪಟ್ಟಿ ಮಾಡಿದ. ಮೊದಲ ಸಂಪುಟ ಬಂದದ್ದು 1957ರಲ್ಲಿ. ಇವತ್ತು ಕಛೇರಿಯ ಹಾಳೆಯಲ್ಲಿ ಹೈಡನ್ ಹೆಸರಿನ ಪಕ್ಕ ಹೋಬ್ ಅಂತ ಸಂಖ್ಯೆ ಕಂಡರೆ ಅದು ಅವನದ್ದು. ಪಾಲ್ ಹಿರ್ಷ್ ಅಂತ ಇನ್ನೊಬ್ಬ, ಫ್ರಾಂಕ್‌ಫರ್ಟ್‌ನಲ್ಲಿ. ತನ್ನ ಸಂಗೀತದ ಗ್ರಂಥಾಲಯವನ್ನು ಓದುವವರಿಗೆಲ್ಲ ತೆರೆದಿಟ್ಟಿದ್ದ. ಯಹೂದಿ. 1936ರಲ್ಲಿ ಪುಸ್ತಕಗಳ ಜೊತೆ ಕೇಂಬ್ರಿಜ್‌ಗೆ ತಪ್ಪಿಸಿಕೊಂಡು ಬಂದ. 1946ರಲ್ಲಿ ಅದು ಬ್ರಿಟಿಷ್ ಮ್ಯೂಸಿಯಂ ಸೇರಿತು. ಇವರಿಬ್ಬರ ಹತ್ತಿರ ದುಡ್ಡಿತ್ತು, ನಿಜ. ಆದರೆ ನಾನು ಅವರಿಂದ ಕಲಿತದ್ದು ನೋಡುವ ಅಭ್ಯಾಸ. ಅದಕ್ಕೆ ದುಡ್ಡು ಬೇಡ.

ನಾನು ಮೈಸೂರಿನವನು, ನನ್ನ ಕಪಾಟು ಚಿಕ್ಕದು. ನನ್ನ ಊರಿಗೆ ಸಂಬಂಧವಿದ್ದದ್ದನ್ನು ಮಾತ್ರ ಇಡುತ್ತೇನೆ. ಜಯಚಾಮರಾಜ ಒಡೆಯರ್‌ಗೆ ಪಾಶ್ಚಾತ್ಯ ಸಂಗೀತದ ಮೇಲೆ ಎಷ್ಟು ಪ್ರೀತಿ ಇತ್ತು ಅಂತ ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತ ರಚನೆಕಾರ ಮೆಟ್ನರ್ ಕೃತಿಗಳನ್ನು ಅವರು ರೆಕಾರ್ಡ್ ಮಾಡಿಸಿದರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಜರ್ಮನಿಯ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ ನಾಲ್ಕು ಕೊನೆಯ ಹಾಡುಗಳು ಮೊದಲು ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ವಾದ್ಯವೃಂದ ನಡೆಸಿದರು. ಖರ್ಚಿಗೆ ಹೊಣೆ ನಿಂತವರು ನಮ್ಮ ಮಹಾರಾಜರು.

ಅದೇ ವರ್ಷ ಲಂಡನ್ನಿನ ಪ್ರಕಾಶಕರು ಬೂಸಿ ಆಂಡ್ ಹಾಕ್ಸ್ ಆ ಹಾಡುಗಳ ಮೊದಲ ಆವೃತ್ತಿ ತಂದರು. ಸ್ಟ್ರಾಸ್ 1949ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದ, ಅಚ್ಚಾದ ಪುಟ ನೋಡಲಿಲ್ಲ. ಆ ಶೀರ್ಷಿಕೆಯೂ, ಈಗಿರುವ ಕ್ರಮವೂ ಪ್ರಕಾಶನದ ಅರ್ನ್ಸ್ಟ್ ರಾತ್ ಇಟ್ಟದ್ದು. ಮೊದಲ ಕಛೇರಿಯಲ್ಲಿ ಹಾಡಿದ ಕ್ರಮ ಬೇರೆ. ಕಾಗದ ಕೈಯಲ್ಲಿ ಹಿಡಿದಾಗ ಇದೆಲ್ಲ ನೆನಪಾಗುತ್ತೆ. 20ನೇ ಶತಮಾನದ್ದು ಆದ್ದರಿಂದ ಬೀಥೋವನ್‌ನಷ್ಟು ದುಬಾರಿಯಲ್ಲ. ನನ್ನ ಹತ್ತಿರ ಇನ್ನೂ ಇಲ್ಲ. ಆರು ವರ್ಷದಿಂದ ಹುಡುಕುತ್ತಿದ್ದೇನೆ.

ಸಾಧನಕೇರಿ:
ಎಪ್ಪತ್ತು ವರ್ಷದಿಂದ ಈ ರಾಜ್ಯದಲ್ಲಿದ್ದೇನೆ, ಸ್ಟ್ರಾಸ್ ವಿಷಯ ಇವತ್ತೇ ಗೊತ್ತಾಯಿತು. ರಾತ್ರಿ ಆ ಹಾಡು ಹಾಕಿಕೊಂಡು ಕೇಳಿದೆ. ಮಾತು ಹೊರಡಲಿಲ್ಲ.

ಕಂಟೋನ್ಮೆಂಟ್ ಪಿಯಾನೊ:
ಮೂರು ದಿನ ಸಂಜೆ ಕೂತು ಹೋಲಿಸಿದೆ. ತಗಡಿನ ಸಂಖ್ಯೆ ಅದೇ. ಸಾಲುಗಳು ಮುಗಿಯುವ ಜಾಗ ಅದೇ. ನನ್ನ ಪ್ರತಿಯ ಒಂದು ಪುಟದ ಕೆಳಗಿನ ಮೂಲೆಯಲ್ಲಿ ಕೂದಲಿನಂಥ ಗೆರೆ ಇದೆ, ಆನ್‌ಲೈನ್ ಪ್ರತಿಯಲ್ಲಿ ಅದಿಲ್ಲ. ಅಂದರೆ ಬಿರುಕು. ಮೊದಲ ತಗಡು, ಆಮೇಲಿನ ಮುದ್ರಣ. ನನಗೆ ಈಗ ಬೇಜಾರಿಲ್ಲ, ನಾನೇ ಕಂಡುಹಿಡಿದೆ ಅನ್ನುವ ಖುಷಿ ಇದೆ.

ಆನ್‌ಲೈನ್ ವ್ಯಾಪಾರಿಗೆ ಕೊಡುವುದಿಲ್ಲ ಅಂತ ಹೇಳಿದೆ. ಟೀಚರ್ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಪುಸ್ತಕ ವಾಪಸ್ ಬೇಕಾದರೆ ತಗೊಳ್ಳಿ ಅಂದೆ. ಅವರು, ಅಮ್ಮ ಬರೆದಿರುವ ಪುಟದ ಫೋಟೋ ಮಾತ್ರ ಕಳಿಸು, ಪುಸ್ತಕ ನಿನ್ನ ಹತ್ತಿರವೇ ಇರಲಿ ಅಂದರು. ಪೆಟ್ಟಿಗೆಗೆ ಹೇಳಿದ್ದೇನೆ, ಶನಿವಾರ ಬರುತ್ತೆ.

ಇನ್ನೊಂದು ವಿಷಯ. ಅದೇ ಕಟ್ಟಿನ ಕೆಳಗೆ ಬಿಡಿ ಸ್ಕೋರ್‌ಗಳು ಇನ್ನೂ ಸುಮಾರು ಇವೆ. ನಾಳೆ ನೋಡುತ್ತೇನೆ. ಮೇಲಿಂದ ಮೂರನೆಯದರಲ್ಲಿ ಬೂಸಿ ಆಂಡ್ ಹಾಕ್ಸ್ ಅಂತ ಕಾಣುತ್ತಿದೆ, ಹೊರಗಿನ ಹಾಳೆ ಹರಿದಿದೆ.

ಹಳೇ ಕಾಗದ:
ಆ ಹರಿದ ಹಾಳೆ ಎಸೆಯಬೇಡಿ ಮೇಡಂ. ಕೈ ತೊಳೆದು ಒಣಗಿಸಿಕೊಂಡು ತೆಗೆಯಿರಿ. ಮೊದಲ ಪುಟದ ಕೆಳಗೆ ಕಾಪಿರೈಟ್ ಸಾಲು ಇರುತ್ತೆ, ಈ ಪ್ರಕಾಶಕರು ಇಸವಿ ಹಾಕುತ್ತಾರೆ. ಅದರ ಫೋಟೋ ಹಾಕಿ. ಕೊನೆಯ ಪುಟದ ಕೆಳಗಿನ ಮೂಲೆಯದ್ದೂ ಬೇಕು. ನಾಳೆ ಬೆಳಿಗ್ಗೆಯಿಂದ ಇಲ್ಲೇ ಇರುತ್ತೇನೆ.